ಅಂಪಾರೊ ಕೊಟ್ಟ ಮೂಗು

ಅಂಪಾರೊ ವಿಯೇಗಾಸ್ ಸಿನಿಮಾಕ್ಕೆ ಬಂದದ್ದು ಹಲ್ಲಿನ ದಾರಿಯಿಂದ. ಲಾಸ್ ಏಂಜಲೀಸಿನ ಗುಡ್ಡ ದಾಟಿ ಈಚೆಗೆ, ನಮ್ಮ ಕಣಿವೆಯ ವ್ಯಾನ್ ನೈಸ್‌ನಲ್ಲಿ, ಟೈರು ಅಂಗಡಿಯೊಂದರ ಹಿಂದೆ ಹಲ್ಲಿನ ಸೆಟ್ಟು ಮಾಡುವ ಪುಟ್ಟ ಕಾರ್ಖಾನೆಯಿತ್ತು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಿದ್ದರು. ಅವಳು ಕಿಟಕಿಯ ಪಕ್ಕ ಕುಳಿತು ಮೇಣದಲ್ಲಿ ವಸಡು ಮಾಡಿ ಹಲ್ಲು ಕೂರಿಸುತ್ತಿದ್ದಳು. ಶಾಲೆ ಮುಗಿದ ವರ್ಷವೇ ಆ ಕೆಲಸಕ್ಕೆ ಸೇರಿದವಳು. ಮೂವತ್ತು ಹತ್ತಿರ ಬರುವ ಹೊತ್ತಿಗೆ ಕಣಿವೆಯ ಅದೆಷ್ಟೋ ಮುದುಕರು ಅವಳು ಜೋಡಿಸಿದ ಹಲ್ಲಿನಲ್ಲೇ ನಗುತ್ತಿದ್ದರು. ಅವಳ ಹೆಸರು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಕಾಲ. ನಮ್ಮ ಯಜಮಾನ ಲೈಲ್ ಹೋಸ್ಟೆಟ್ಲರ್ ಒಬ್ಬ ನಟನ ದವಡೆಯ ಅಚ್ಚನ್ನು ಕಾಗದದ ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದ. ಸಿನಿಮಾ, ಟೀವಿಯವರಿಗೆ ರಾಕ್ಷಸ, ಹೆಣ, ಗಾಯ, ಮುದುಕರ ಮುಖ, ಏನು ಬೇಕೆಂದರೂ ಮಾಡಿಕೊಡುವ ಷೆಡ್ಡು ನಮ್ಮದು. ರಬ್ಬರು ಬೇಯಿಸುವ ಒಲೆ ನನ್ನ ಸುಪರ್ದಿನಲ್ಲಿತ್ತು. ಹಲ್ಲು ಮಾಡಲು ಮಾತ್ರ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

"ನರತೋಳಕ್ಕೆ ಹಲ್ಲು ಬೇಕಮ್ಮ. ಶುಕ್ರವಾರದೊಳಗೆ ಆಗುತ್ತಾ?" ಎಂದ ಲೈಲ್.

ಅಂಪಾರೊ ಅಚ್ಚನ್ನು ತಿರುಗಿಸಿ ನೋಡಿದಳು. "ವಯಸ್ಸೆಷ್ಟು?"

"ನಟನಿಗಾ?"

"ತೋಳಕ್ಕೆ."

"ತೋಳಕ್ಕೆ ಎಂಥ ವಯಸ್ಸು! ಚೂಪಾಗಿದ್ರೆ ಸಾಕು."

"ಮೂಳೆ ಕಡಿಯೋ ಪ್ರಾಣಿ ಅಲ್ವಾ, ಒಂದು ಕಡೆ ಸವೆದಿರ್ಬೇಕು, ಒಂದಾದ್ರೂ ಮುರಿದಿರ್ಬೇಕು. ಎಲ್ಲಾ ಬೆಳ್ಳಗೆ ಸಾಲಾಗಿ ನಿಂತ್ರೆ ಅದು ತೋಳ ಅಲ್ಲ, ಟೂತ್‌ಪೇಸ್ಟ್ ಜಾಹೀರಾತು."

ಆ ಸಿನಿಮಾ ಓಡಲಿಲ್ಲ. ಆದರೆ ತೋಳ ಬಾಯಿ ತೆರೆದ ಕಡೆಯೆಲ್ಲ ಜನ ಉಸಿರು ಬಿಗಿಹಿಡಿದರಂತೆ. ಲೈಲ್ ಮತ್ತೆ ವ್ಯಾನ್ ನೈಸ್‌ಗೆ ಹೋಗಿ ಅವಳನ್ನು ಕೆಲಸಕ್ಕೆ ಕರೆದ.

ಅವಳ ತಾಯಿ ಎಲಾದಿಯಾ ಇದಕ್ಕೆ ಸುತರಾಂ ಒಪ್ಪಲಿಲ್ಲ. ಪಕೋಯ್ಮಾದಲ್ಲಿ ಅವರದು ಎರಡು ಕೋಣೆಯ ಮನೆ. ಕಾರಿನ ಸೀಟಿಗೆ ಹೊದಿಕೆ ಹೊಲಿದೇ ಮಗಳನ್ನು ಸಾಕಿದ ಹೆಂಗಸು ಆಕೆ.

"ಹಲ್ಲಿಲ್ಲದವ್ರಿಗೆ ಹಲ್ಲು ಕೊಡೋದು ಪುಣ್ಯದ ಕೆಲಸ. ಅದು ಬಿಟ್ಟು ದೆವ್ವ ಮಾಡೋಕೆ ಹೋಗ್ತೀಯೇನೇ?"

"ದೆವ್ವಕ್ಕೂ ಹಲ್ಲು ಬೇಕಲ್ಲಮ್ಮಾ."

"ನಿನ್ನ ಬಾಯಲ್ಲೇ ಹಲ್ಲು ಜಾಸ್ತಿಯಾಗಿದೆ, ಅದನ್ನ ಮೊದಲು ಕೀಳಿಸ್ಕೋ," ಎಂದ ಎಲಾದಿಯಾ, ಮರುದಿನ ಮಗಳ ಊಟದ ಡಬ್ಬಿಗೆ ಒಂದು ತೋರ್ತಿಯಾ ರೊಟ್ಟಿ ಹೆಚ್ಚೇ ಇಟ್ಟು ಕಳಿಸಿದರು.

ಸನ್ ವ್ಯಾಲಿಯಲ್ಲಿ, ಗುಜರಿ ಕಾರುಗಳ ಅಂಗಳಗಳ ನಡುವೆ ನಮ್ಮ ತಗಡಿನ ಷೆಡ್ಡು. ಬೇಸಿಗೆಯಲ್ಲಿ ಶಿಲ್ಪ ಮಾಡುವ ಎಣ್ಣೆಜೇಡಿ ಕರಗಿ ಕೈಗಂಟುತ್ತಿತ್ತು. ಅದನ್ನು ಫ್ರಿಜ್ಜಿನಲ್ಲಿ ನಮ್ಮ ಊಟದ ಪಕ್ಕದಲ್ಲೇ ಇಡುತ್ತಿದ್ದೆವು. ಅವಳು ಬಂದಾಗ ಅಲ್ಲಿದ್ದವರೆಲ್ಲ ಗಂಡಸರು. ಮೊದಲ ವಾರವೇ ಅವಳಿಗೆ ಹಲ್ಲಮ್ಮ ಎಂದು ಹೆಸರಿಟ್ಟರು. ಹಲ್ಲು, ಉಗುರು, ಕೊಂಬು, ಇವಿಷ್ಟೇ ಅವಳ ಪಾಲಿನ ಕೆಲಸ. ಮುಖ ಮಾಡುವುದು ಮುಖ್ಯ ಶಿಲ್ಪಿಯದು. ಅವನು ಮುಟ್ಟಿದ ಜೇಡಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟ ಮಾರುವ ಲಾರಿಯ ಹತ್ತಿರ ಹೋದಾಗ ಅವಳು ಉಳಿದ ಚೂರುಗಳಲ್ಲಿ ಕಿವಿಯನ್ನೋ ರೆಪ್ಪೆಯನ್ನೋ ಮಾಡಿ, ನೋಡಿ, ಮತ್ತೆ ಮುದ್ದೆ ಮಾಡಿ ಇಡುತ್ತಿದ್ದಳು. ನಾನು ಒಲೆಯ ಹತ್ತಿರ ಕುಳಿತು ನೋಡುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಅವಳೂ ಹೇಳು ಎನ್ನಲಿಲ್ಲ.

ಹಾಗೇ ಎರಡು ಮೂರು ವರ್ಷ ಕಳೆದ ಮೇಲೆ ಟೀವಿಯವರೊಬ್ಬರ ಕೆಲಸ ಬಂತು. ಒಂದು ಹೆಂಗಸಿನ ಇಡೀ ಬಾಳಿನ ಕತೆ. ಮೂವತ್ತೈದರ ನಟಿ ಕೊನೆಯಲ್ಲಿ ಎಂಬತ್ತರ ಮುದುಕಿಯಾಗಬೇಕು. ಮುಖ್ಯ ಶಿಲ್ಪಿ ಬಲು ಶ್ರದ್ಧೆಯಿಂದ ಸುಕ್ಕಿನ ಮೇಲೆ ಸುಕ್ಕು ಕೆತ್ತಿದ. ನಿರ್ದೇಶಕ ಬಂದು ನೋಡಿದವನು, "ನಾನು ಕೇಳಿದ್ದು ಅಜ್ಜೀನ. ನೀವು ಕೊಟ್ಟಿರೋದು ಒಣಗಿದ ಸೇಬು," ಎಂದು ಹೊರಟುಹೋದ. ಮುಖ್ಯ ಶಿಲ್ಪಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಕೈಯಲ್ಲಿದ್ದ ಕಡ್ಡಿ ಎಸೆದು ಮನೆಗೆ ಹೋದ.

ಅಂಪಾರೊ ಲೈಲ್‌ನ ಕೋಣೆಗೆ ಹೋದಳು. "ನಾನೊಂದು ಸಲ ನೋಡ್ಲಾ?"

"ಹಲ್ಲಮ್ಮ, ನೀನು ಯಾವತ್ತೂ ಬಾಯಿ ದಾಟಿ ಮೇಲಕ್ಕೆ ಹೋದೋಳಲ್ಲ."

"ಬಾಯಿ ಸುತ್ತಾನೇ ಮುಖ ಇರೋದು ಲೈಲ್."

ಲೈಲ್ ನಕ್ಕ. "ಸೋಮವಾರ ತಂದು ತೋರ್ಸು. ಚೆನ್ನಾಗಿಲ್ದಿದ್ರೆ ನಾನೂ ನೋಡಿಲ್ಲ, ನೀನೂ ಮಾಡಿಲ್ಲ."

ನಟಿಯ ಮುಖದ ಪ್ಲಾಸ್ಟರು ಅಚ್ಚನ್ನು ಅವಳು ಮಗುವನ್ನು ಕೂರಿಸಿದಂತೆ ಬೆಲ್ಟು ಬಿಗಿದು ಕಾರಿನಲ್ಲಿ ಮನೆಗೊಯ್ದಳು. ಅಡುಗೆಮನೆಯ ಮೇಜಿನ ಒಂದು ಕಡೆ ಅದನ್ನಿಟ್ಟು ಜೇಡಿ ಮೆತ್ತತೊಡಗಿದಳು. ಇನ್ನೊಂದು ಕಡೆ ಎಲಾದಿಯಾ ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು.

"ಸ್ವಲ್ಪ ಆ ಕಡೆ ತಿರುಗಮ್ಮಾ."

"ಕಲ್ಲು ನೋಡ್ಲೋ, ನಿನ್ನ ನೋಡ್ಲೋ?"

"ಕಲ್ಲೇ ನೋಡು. ನಾನು ನಿನ್ನ ನೋಡ್ತೀನಿ."

ಸ್ವಲ್ಪ ಹೊತ್ತಿನ ಮೇಲೆ ಎಲಾದಿಯಾ ಜೇಡಿಯ ಮುಖದತ್ತ ಕಣ್ಣು ಹಾಯಿಸಿದರು. "ನನ್ನ ಗದ್ದ ಅಷ್ಟೊಂದು ಜೋತಿದ್ಯಾ?"

"ಇಲ್ಲಮ್ಮಾ."

"ಸುಳ್ಳಿ. ಭಾನುವಾರ ಪೂಜೆಗೆ ಹೋದಾಗ ಪಾದ್ರಿಗೆ ಹೇಳ್ಕೋ."

ಮುಪ್ಪು ಎಂದರೆ ಗೆರೆಯಲ್ಲ, ಭಾರ ಎಂದು ಅವಳಿಗೆ ಆ ಎರಡು ದಿನದಲ್ಲಿ ಗೊತ್ತಾಯಿತು. ಚರ್ಮ ಮೂಳೆಯಿಂದ ಜಾರಿ ಕೆಳಗಿಳಿಯುತ್ತದೆ. ಮಲಗುವ ಮಗ್ಗುಲಿನ ಕೆನ್ನೆ ಹೆಚ್ಚು ಇಳಿಯುತ್ತದೆ. ಹಲ್ಲು ಹೋದ ಕಡೆ ತುಟಿ ಒಳಗೆ ಸೇರುತ್ತದೆ. ಅದಂತೂ ಅವಳಿಗೆ ಮೊದಲೇ ತಿಳಿದ ವಿದ್ಯೆ. ಜೇಡಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲಿಂದ ಗೆರೆ ಎಳೆದಳು. ಹಾಗೆ ಎಳೆದರೆ ಗೆರೆಯ ಅಂಚು ಮೆತ್ತಗಾಗುತ್ತದೆ. ಕಿತ್ತಳೆ ಸಿಪ್ಪೆಯ ಮೇಲೆ ರಬ್ಬರು ಹಚ್ಚಿ ಒಣಗಿಸಿ ಸುಲಿದು, ಅದನ್ನು ಒತ್ತಿ ಚರ್ಮದ ರಂಧ್ರಗಳನ್ನು ಮೂಡಿಸಿದಳು. ಸೋಮವಾರ ಲೈಲ್ ಅದನ್ನು ಸುತ್ತಲೂ ನೋಡಿದ. ನನ್ನ ಕಡೆ ತಿರುಗಿ, "ಒಲೆ ಹಚ್ಚು," ಎಂದ.

ಆ ಚಿತ್ರ ಟೀವಿಯಲ್ಲಿ ಬಂದ ಸಂಜೆ ಪಕೋಯ್ಮಾದ ಮನೆಯಲ್ಲಿ ಎಲಾದಿಯಾರ ಅಕ್ಕತಂಗಿಯರೆಲ್ಲ ಸೇರಿದ್ದರು. ನನ್ನನ್ನೂ ಕರೆದಿದ್ದರು. ಮುದುಕಿ ತೆರೆಯ ಮೇಲೆ ಬಂದೊಡನೆ ಚಿಕ್ಕಮ್ಮಂದಿರು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಎಲಾದಿಯಾ ಮಹಾರಾಣಿಯಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಆದರೆ ಕತೆಯ ಕೊನೆಗೆ ಆ ಮುದುಕಿ ಸಾಯುತ್ತಾಳೆಂದು ಅಂಪಾರೊ ಯಾರಿಗೂ ಹೇಳಿರಲಿಲ್ಲ. ಹಳದಿ ಗೌನು ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ ಮುಖದ ಮೇಲೆ ಕ್ಯಾಮೆರಾ ಬಹಳ ಹೊತ್ತು ನಿಂತಿತು. ಎಲಾದಿಯಾ ಎದ್ದು ನಿಂತು ಎದೆಯ ಮೇಲೆ ಶಿಲುಬೆ ಎಳೆದುಕೊಂಡರು.

"ನನ್ನ ಪೆಟ್ಟಿಗೇಲಿ ಮಲಗಿಸಿಬಿಟ್ಯಲ್ಲೇ!"

"ಅದು ನಟಿ ಅಮ್ಮಾ."

"ನಟಿ ಆದ್ರೇನು, ಮುಖ ನಂದು."

ಆಕೆ ಅಡುಗೆಮನೆಗೆ ಹೋದರು. ಒಳಗೆ ಪಾತ್ರೆ ಸದ್ದಾಯಿತು. ಬಹಳ ಹೊತ್ತಾದ ಮೇಲೆ ಕಾಫಿ ತಂದು ಎಲ್ಲರ ಮುಂದಿಟ್ಟು, ಮಗಳಿಗೆ ಹೇಳಿದರು: "ಚೆನ್ನಾಗೇ ಕಾಣ್ತಿದ್ದೆ ಬಿಡು. ಆದ್ರೆ ಆ ಹಳದಿ ನನಗೆ ಒಪ್ಪಲ್ಲ."

ಅಲ್ಲಿಂದ ಮುಖದ ಕೆಲಸ ಅಂಪಾರೊಳ ಕೈಗೆ ಬಂತು. ಹಲ್ಲಮ್ಮ ಎನ್ನುವ ಹೆಸರು ಮಾತ್ರ ಹಾಗೇ ಉಳಿಯಿತು.

ಎಂಬತ್ತರ ದಶಕದ ನಡುವಿನಲ್ಲಿ ಬಾಹ್ಯಾಕಾಶದ ಒಂದು ಧಾರಾವಾಹಿ ನಮಗೆ ಸಿಕ್ಕಿತು. ಅದರಲ್ಲಿ ಬೇರೆ ಗ್ರಹದ ಮುದಿ ಪುರೋಹಿತನೊಬ್ಬನ ಪಾತ್ರ. ಅದಕ್ಕೆ ಆರ್ವಿಲ್ ಪ್ರೂಯಿಟ್ ಎನ್ನುವ ನಟನನ್ನು ಆರಿಸಿದ್ದರು. ಒಕ್ಲಹೋಮಾದ ಗೋಧಿ ಹೊಲಗಳಲ್ಲಿ ಬೆಳೆದವನು, ಬಾಗಿಲು ದಾಟುವಾಗ ತಲೆ ತಗ್ಗಿಸಲೇಬೇಕಾದಷ್ಟು ಎತ್ತರ. ಆ ಎತ್ತರದಿಂದಾಗಿ ಇಪ್ಪತ್ತು ವರ್ಷದಿಂದ ಅವನಿಗೆ ಸಿಕ್ಕಿದ್ದೆಲ್ಲ ಭೂತ, ಪಿಶಾಚಿ, ಮರಮನುಷ್ಯನ ಪಾತ್ರಗಳೇ. ಅವನ ಸ್ವಂತ ಮುಖ ತೆರೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ.

ಮೊದಲು ಮುಖದ ಅಚ್ಚು ತೆಗೆಯಬೇಕು. ದಂತವೈದ್ಯರು ಬಳಸುವ ಪುಡಿಯನ್ನೇ ಬಕೆಟ್ಟಿನಲ್ಲಿ ಕಲಸಿ, ಮೂಗಿನ ಹೊಳ್ಳೆ ಎರಡು ಬಿಟ್ಟು ಇಡೀ ತಲೆಗೆ ಬಳಿಯುತ್ತೇವೆ. ಅದು ಗಟ್ಟಿಯಾಗುವವರೆಗೆ ಕತ್ತಲು, ಕಿವುಡು. ಎಂಥೆಂಥ ಗಟ್ಟಿ ಗಂಡಸರೂ ನಡುವೆ ಕಿತ್ತೆಸೆದು ಎದ್ದುಬಿಟ್ಟದ್ದನ್ನು ನಾನು ನೋಡಿದ್ದೇನೆ. ಅಂಪಾರೊ ಆರ್ವಿಲ್‌ನ ಕೈ ಹಿಡಿದು ಕುಳಿತಳು.

"ಉಸಿರಾಡೋದು ಮರೀಬೇಡಿ."

"ಮರೆತ್ರೆ ನೀವೇ ಗ್ಯಾಪಕ ಮಾಡ್ಬೇಕು ತಾಯೀ," ಎಂದ ಅವನು, ಬಾಯಿ ಮುಚ್ಚುವ ಮೊದಲು.

ಅಚ್ಚಿನಿಂದ ಪ್ಲಾಸ್ಟರಿನ ಮುಖ ಹೊರಬಂದಾಗ ಅವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಶಾಲೆಯಲ್ಲಿ ಚೆಂಡು ಬಡಿದು ಮೂಗಿನ ದಿಂಡು ಮುರಿದು ಎಡಕ್ಕೆ ವಾಲಿತ್ತು. "ಇಷ್ಟು ಸೊಟ್ಟ ಇದ್ಯಾ! ಇಷ್ಟು ವರ್ಷ ಕನ್ನಡಿ ನನ್ನ ಮರ್ಯಾದೆ ಕಾಪಾಡಿತ್ತು ಕಣ್ರೀ."

ಧಾರಾವಾಹಿ ಐದಾರು ವರ್ಷ ನಡೆಯಿತು. ಸಾಮಾನ್ಯವಾಗಿ ಶಿಲ್ಪ ಮಾಡುವವರು ಷೆಡ್ಡಿನಲ್ಲೇ ಇರುತ್ತಾರೆ, ಅದನ್ನು ನಟನ ಮುಖಕ್ಕೆ ಹಚ್ಚುವವರು ಬೇರೆ. ಆದರೆ ರಬ್ಬರಿನ ಅಂಚು ಚರ್ಮದಲ್ಲಿ ಕರಗುವುದನ್ನು ತಾನೇ ನೋಡಬೇಕೆಂದು ಅವಳು ಚಿತ್ರೀಕರಣಕ್ಕೆ ಹೋಗುತ್ತಿದ್ದಳು, ತಾನೇ ಹಚ್ಚುತ್ತಿದ್ದಳು. ಬೆಳಗಿನ ಹೊತ್ತೆಲ್ಲ ಅವನು ಕುರ್ಚಿಯಲ್ಲಿ, ಅವಳು ಬಾಯಲ್ಲಿ ಕುಂಚ ಕಚ್ಚಿಕೊಂಡು ಅವನ ಮುಂದೆ. ಮಾತೆಲ್ಲ ಅವನದೇ. ಅಭಿಮಾನಿಗಳ ಸಮಾವೇಶಕ್ಕೆ ಹೋದರೆ ಬಾಗಿಲಲ್ಲೇ ತಡೆದು ಟಿಕೆಟ್ಟು ಕೇಳಿದರಂತೆ. "ನಾನೇ ಆ ಪುರೋಹಿತ ಅಂದೆ. ಎಲ್ಲರೂ ಹಂಗೇ ಅಂತಾರೆ ಅಂದ ಕಣ್ರೀ ಆವಯ್ಯ!" ಅಂಪಾರೊ ಕುಂಚ ಕಚ್ಚಿಕೊಂಡೇ ನಕ್ಕಳು.

ನಾಲ್ಕನೆಯ ವರ್ಷವೋ ಏನೋ, ಸಂಜೆ ಅಂಟು ಬಿಡಿಸುವಾಗ ಅವನ ಮೂಗಿನ ಪಕ್ಕೆಯಲ್ಲಿ ಒಂದು ಹಕ್ಕಳೆ ಅವಳ ಕಣ್ಣಿಗೆ ಬಿತ್ತು. ಮುಂದಿನ ವಾರವೂ ಅಲ್ಲೇ ಇತ್ತು.

"ಇದು ಯಾವಾಗಿಂದ ಇದೆ?"

"ನಿಮ್ಮ ಅಂಟಿನ ಉಡುಗೊರೆ ತಾಯೀ."

"ಅಂಟಿಂದ ಆಗೋದಾದ್ರೆ ಕೆನ್ನೇಲೂ ಆಗ್ಬೇಕಿತ್ತು. ಡಾಕ್ಟರಿಗೆ ತೋರ್ಸಿ."

"ಶೂಟಿಂಗ್ ಮುಗೀಲಿ."

ಆ ವರ್ಷದ ಶೂಟಿಂಗ್ ಮುಗಿಯಿತು, ಮರುವರ್ಷದ್ದು ಶುರುವಾಯಿತು. ಅವಳು ಇನ್ನೆರಡು ಸಲ ಹೇಳಿದಳು. ಅವನು ಇನ್ನೆರಡು ಸಲ ತಮಾಷೆ ಮಾಡಿದ. ಕೊನೆಗೆ ಅವಳು ಅವನ ಹೆಂಡತಿ ಡಾಟಿಗೇ ಫೋನ್ ಮಾಡಿದಳು. ಡಾಟಿ ಎಳೆದುಕೊಂಡೇ ಆಸ್ಪತ್ರೆಗೆ ಹೋದರು. ಚರ್ಮದ ಕ್ಯಾನ್ಸರು. ಅಷ್ಟರಲ್ಲಿ ಅದು ಆಳಕ್ಕಿಳಿದಿತ್ತು. ಒಂದು ಸಲ ಕತ್ತರಿಸಿದರು, ಮತ್ತೆ ಬಂತು. ಧಾರಾವಾಹಿ ಮುಗಿದ ಮರುವರ್ಷ ಇಡೀ ಮೂಗನ್ನೇ ತೆಗೆಯಬೇಕಾಯಿತು.

ಇದು ತನ್ನ ಅಂಟಿನಿಂದಲೇ ಆಯಿತೇ ಎನ್ನುವ ಯೋಚನೆ ಅಂಪಾರೊಳನ್ನು ಬಿಡಲಿಲ್ಲ. ಯಾರಿಗೂ ಹೇಳದೆ ಶಸ್ತ್ರವೈದ್ಯರನ್ನು ಕಂಡು ನೇರವಾಗಿ ಕೇಳಿದಳು. ಅವರು ತಾಳ್ಮೆಯಿಂದ ವಿವರಿಸಿದರು: ಚಿಕ್ಕಂದಿನಲ್ಲಿ ಟೋಪಿಯಿಲ್ಲದೆ ಹೊಲದಲ್ಲಿ ದುಡಿದ ಬಿಳಿ ಚರ್ಮದವರಿಗೆ ಬಿಸಿಲಿನಿಂದ ಹೀಗಾಗುತ್ತದೆ, ಅಂಟಿಗೂ ಇದಕ್ಕೂ ಸಂಬಂಧವಿಲ್ಲ. ಅವಳು ನಂಬಿದಳು. ಆದರೂ ಆ ಅಂಟಿನ ಬಾಟಲಿಯನ್ನು ಅವಳು ಮತ್ತೆ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಕೆಲವು ತಿಂಗಳ ಮೇಲೆ ಡಾಟಿಯ ಫೋನು ಬಂತು. "ಮನೆ ಬಿಟ್ಟು ಹೊರಗೆ ಬರ್ತಿಲ್ಲಮ್ಮ. ಟಪಾಲಿನೋನು ಬಂದ್ರೂ ಒಳಗೆ ಹೋಗ್ತಾರೆ." ಅಂಪಾರೊ ಹೋದಳು. ಆರ್ವಿಲ್ ಮುಖದ ನಡುವೆ ಬಟ್ಟೆಪಟ್ಟಿ ಅಂಟಿಸಿಕೊಂಡು ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದ.

"ಅಷ್ಟು ವರ್ಷ ನನ್ನ ಮೂಗು ಮುಚ್ಚೋಕೆ ಒದ್ದಾಡಿದ್ರಿ. ಈಗ ಒಂದು ಮಾಡ್ಕೊಡಿ, ನೋಡೋಣ," ಎಂದ. ದನಿ ಮೂಗಿಲ್ಲದವನದು, ತಮಾಷೆ ಹಳೆಯದೇ.

ಅವನ ಪ್ಲಾಸ್ಟರಿನ ಮುಖ ನಮ್ಮ ಷೆಡ್ಡಿನ ಅಟ್ಟದಲ್ಲಿ ನೂರಾರು ಮುಖಗಳ ನಡುವೆ ಧೂಳು ಹಿಡಿದು ಕುಳಿತಿತ್ತು. ಅವಳು ಅದನ್ನು ಇಳಿಸಿ ತೊಳೆದು, ಮೂಗನ್ನಷ್ಟೇ ಅಚ್ಚು ತೆಗೆದು, ಮೆತ್ತನೆಯ ಸಿಲಿಕೋನಿನಲ್ಲಿ ಎರಕ ಹೊಯ್ದಳು. ಬಣ್ಣಕ್ಕೆ ಒಂದು ವಾರ ಹಿಡಿಯಿತು. ನಾವೆಲ್ಲ ಸುತ್ತ ನಿಂತು ನೋಡಿದೆವು. ಅಂಥ ಮೂಗನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೆಂಪು ನರ, ಹಳೆಯ ಬಿಸಿಲಿನ ಕಲೆ, ಸೊಟ್ಟ, ಎಲ್ಲವೂ ಇತ್ತು.

ಮೂಗು ಬಂದ ಸಂಭ್ರಮಕ್ಕೆ ಆರ್ವಿಲ್ ನಮ್ಮಿಬ್ಬರನ್ನೂ ಬರ್ಬ್ಯಾಂಕಿನ ಯಹೂದಿ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದ. ಎಷ್ಟೋ ತಿಂಗಳ ಮೇಲೆ ಮನೆಯಿಂದ ಹೊರಟಿದ್ದ. ಬಡಿಸುವ ಹೆಂಗಸಿನ ಜೊತೆ ಹರಟಿದ, ಪಕ್ಕದ ಮೇಜಿನ ಮಗುವಿಗೆ ಕಣ್ಣು ಹೊಡೆದ. ಬಿಸಿ ಕೋಳಿ ಸಾರು ಬಂತು. ಅವನು ಬಟ್ಟಲಿಗೆ ಬಗ್ಗಿದ. ಆವಿ ಮುಖಕ್ಕೆ ಬಡಿಯಿತು. ಅಂಟು ಸಡಿಲವಾಗಿ ಮೂಗು ಒಂದು ಕಡೆಯಿಂದ ಎದ್ದು, ಜಾರಿ, ಸಾರಿಗೆ ಬಿತ್ತು.

ಪಕ್ಕದ ಮೇಜಿನ ತಾಯಿ ಮಗುವಿನ ಕಣ್ಣು ಮುಚ್ಚಿದಳು. ಆರ್ವಿಲ್ ಒಂದು ಕೈಯಲ್ಲಿ ಕರವಸ್ತ್ರ ಮುಖಕ್ಕೊತ್ತಿ, ಇನ್ನೊಂದು ಕೈಯಲ್ಲಿ ಚಮಚದಿಂದ ಮೂಗನ್ನು ಎತ್ತಿ ಬಡಿಸುವವಳ ಕಡೆ ಹಿಡಿದ. "ಅಮ್ಮಾ, ನಾನು ಕೋಳಿ ಕೇಳಿದ್ದೆ. ಇದ್ಯಾವ ಪೀಸು?"

ಅಡುಗೆಯವನು ಕಿಟಕಿಯಿಂದ ನಕ್ಕ, ಆಮೇಲೆ ಉಳಿದವರೂ ನಕ್ಕರು. ನಾವು ಅವನನ್ನು ಕಾರಿನಲ್ಲಿ ಮನೆಗೆ ಬಿಟ್ಟೆವು. ಮನೆಯ ಮುಂದೆ ಇಳಿಯುವಾಗ ಅವನ ಕಣ್ಣು ಕೆಂಪಾಗಿತ್ತು. ಮೂಗಿದ್ದ ಕಾಗದದ ಪೊಟ್ಟಣವನ್ನು ಅಂಪಾರೊಳ ಕೈಗಿಟ್ಟು, "ಇದು ಸಿನಿಮಾದ ಮೂಗು ತಾಯೀ. ಸಾರು ಕುಡಿಯೋ ಮೂಗಲ್ಲ," ಎಂದು ಒಳಗೆ ಹೋದ.

ಮರುವಾರ ಅವಳು ಆ ಪೊಟ್ಟಣ ಹಿಡಿದು ಆಸ್ಪತ್ರೆಗೆ ಹೋದಳು. ಅಲ್ಲಿ ನೆಲಮಾಳಿಗೆಯಲ್ಲಿ ಕೃತಕ ಕಣ್ಣು, ಕಿವಿ, ಮೂಗು ಮಾಡುವ ಅರಾಕ್ಸಿ ತಾಷ್ಜಿಯನ್ ಎನ್ನುವ ಆರ್ಮೇನಿಯನ್ ಹೆಂಗಸು ಇದ್ದರು. ಅರವತ್ತು ಸಮೀಪಿಸಿದವರು. ಬೇರೂತಿನಲ್ಲಿ ಯುದ್ಧದ ವರ್ಷಗಳಲ್ಲಿ ಈ ಕೆಲಸ ಕಲಿತು ಗ್ಲೆಂಡೇಲಿಗೆ ಬಂದವರು. ಮೂಗನ್ನು ಬೆಳಕಿಗೆ ಹಿಡಿದು ಎಲ್ಲ ಕಡೆಯಿಂದ ನೋಡಿದರು.

"ನಾನು ಇಷ್ಟು ಚೆನ್ನಾಗಿ ಕೆತ್ತಲಾರೆ," ಎಂದರು. "ಆದ್ರೆ ಇದು ಪ್ರಯೋಜನಕ್ಕಿಲ್ಲ."

"ಅಂಟು ಬದಲಾಯಿಸಿದ್ರೆ?"

"ಅಂಟಿನ ಮಾತಲ್ಲ, ನನ್ನ ಜೀವಾ. ನೀವು ಮಾಡಿದ್ದನ್ನ ನೀವೇ ಹಚ್ಚಿ, ನೀವೇ ತೆಗೀತಿದ್ರಿ. ಇಲ್ಲಿ ಅವನೇ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಹಾಕ್ಕೋಬೇಕು, ಸೀನ್ಬೇಕು, ಹೆಂಡ್ತಿಗೆ ಮುತ್ತು ಕೊಡ್ಬೇಕು. ಇದರ ಕೆಳಗಿರೋ ಚರ್ಮ ಕ್ಯಾನ್ಸರಿಗೆ ಕೊಟ್ಟ ರೇಡಿಯೇಶನ್ನಲ್ಲಿ ಸುಟ್ಟ ಚರ್ಮ, ಎಳೆದ್ರೆ ಹರಿಯುತ್ತೆ. ಮತ್ತೆ ಈ ಬಣ್ಣ ಎಲ್ಲಿ ಕೂತು ಹಚ್ಚಿದ್ರಿ?"

"ಷೆಡ್ಡಲ್ಲಿ. ಶೂಟಿಂಗ್ ದೀಪದ ಕೆಳಗೆ."

ಅರಾಕ್ಸಿ ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿ ಕಾರು ನಿಲ್ಲಿಸುವ ಜಾಗಕ್ಕೆ ಕರೆತಂದು, ಮೂಗನ್ನು ತನ್ನ ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದರು. ಅದು ಬೊಂಬೆಯ ಮೂಗಿನಂತೆ ಕೆಂಪಾಗಿ ಕಂಡಿತು.

"ಕಲೀತೀರಾ?" ಎಂದು ಕೇಳಿದರು ಅರಾಕ್ಸಿ.

ನಲವತ್ತು ದಾಟಿದ ಮೇಲೆ ಅವಳು ಮತ್ತೆ ಕೆಲಸ ಕಲಿಯುವವಳಾದಳು. ವಾರದಲ್ಲಿ ಮೂರು ದಿನ ಷೆಡ್ಡು, ಉಳಿದ ದಿನ ನೆಲಮಾಳಿಗೆ. ರೋಗಿಗಳೊಡನೆ ಹೇಗೆ ಕೂರಬೇಕು, ಮುಖದ ಗುಳಿಯನ್ನು ನೋಡುವಾಗ ಕಣ್ಣು ಎಲ್ಲಿಡಬೇಕು, ಇದನ್ನೂ ಅಲ್ಲಿ ಕಲಿಯಬೇಕಾಯಿತು. ಮೊದಮೊದಲು ಅವಳಿಗೆ ಅದು ಬರಲಿಲ್ಲ. ರಾಕ್ಷಸರ ನಡುವೆ ಬೆಳೆದವಳು. ಗಾಯ ಕಂಡರೆ ಹತ್ತಿರ ಹೋಗಿ ಇಣುಕುವುದು ಅವಳ ಅಭ್ಯಾಸ. ಅರಾಕ್ಸಿ ಮೇಜಿನ ಕೆಳಗೆ ಅವಳ ಕಾಲು ತುಳಿಯುತ್ತಿದ್ದರು. "ಮೊದಲು ಅವರ ಹೆಸರು ಕೇಳು. ಆಮೇಲೆ ಮೂಗು."

ಆರ್ವಿಲ್‌ನ ಎರಡನೆಯ ಮೂಗಿಗೆ ಒಂದು ವರ್ಷದ ಮೇಲೇ ಬೇಕಾಯಿತು. ಶಸ್ತ್ರವೈದ್ಯರು ಮೂಳೆಗೆ ಸಣ್ಣ ಮೊಳೆಗಳನ್ನು ಕೂರಿಸಿದರು. ಮೂಗಿನ ಒಳಗೆ ಅಯಸ್ಕಾಂತ. ಹತ್ತಿರ ಹಿಡಿದರೆ ಸಾಕು, ಟಿಕ್ ಎಂದು ಕೂರುತ್ತಿತ್ತು. ಮೇಲಂಚು ಮುಚ್ಚಲು ದಪ್ಪ ಚೌಕಟ್ಟಿನ ಕನ್ನಡಕ. ಬಣ್ಣವನ್ನೆಲ್ಲ ಅವಳು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕುಳಿತು ಬಿಸಿಲಿನಲ್ಲೇ ಹಚ್ಚಿದಳು.

ಆದರೆ ಅದಕ್ಕೆ ಮೊದಲೇ ಆರ್ವಿಲ್ ಹೊಸ ರಾಗ ತೆಗೆದಿದ್ದ. "ಹೆಂಗೂ ಹೊಸದು ಮಾಡ್ತಿದೀರಿ. ಈ ಸಲ ನೆಟ್ಟಗೆ ಮಾಡಿ ತಾಯೀ. ಇಷ್ಟು ವರ್ಷ ಸೊಟ್ಟದು ಹೊತ್ತಿದ್ದು ಸಾಕು."

ಅವಳು ನೆಟ್ಟಗಿನದು ಮಾಡಿದಳು. ಡಾಟಿ ಬಾಗಿಲು ತೆರೆದವರು ಗಂಡನನ್ನು ನೋಡಿ ನಿಂತೇಬಿಟ್ಟರು. "ಒಳ್ಳೆ ಗಂಡಸೇ. ಆದ್ರೆ ಇವರ ಜೊತೆ ನನ್ನ ಮದ್ವೆ ಆಗಿಲ್ಲ," ಎಂದರು. ಕೊನೆಗೆ ಅಂಪಾರೊ ಸೊಟ್ಟದ್ದನ್ನೂ ಮಾಡಿಕೊಡಬೇಕಾಯಿತು. ಮನೆಯಲ್ಲಿ ಸೊಟ್ಟ, ಹೊರಗೆ ನೆಟ್ಟಗೆ ಎಂದು ಗಂಡಹೆಂಡಿರಲ್ಲಿ ಒಪ್ಪಂದವಾಯಿತು.

ಆ ನೆಟ್ಟಗಿನ ಮೂಗನ್ನು ಹಾಕಿಕೊಂಡೇ ಅವನು ಒಂದು ನ್ಯಾಯಾಲಯದ ಧಾರಾವಾಹಿಗೆ ಮುದಿ ನ್ಯಾಯಾಧೀಶನ ಪಾತ್ರ ಕೇಳಲು ಹೋದ. ಪಾತ್ರ ಸಿಕ್ಕಿತು. ರಬ್ಬರಿಲ್ಲದೆ, ಕೊಂಬಿಲ್ಲದೆ, ಸ್ವಂತ ಮುಖದಲ್ಲಿ ಅವನು ಕ್ಯಾಮೆರಾದ ಮುಂದೆ ಕುಳಿತದ್ದು ಅದೇ ಮೊದಲು. ಮೂಗಿನ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ. ಮೇಕಪ್ಪಿನವನು ಮುಖಕ್ಕೆಲ್ಲ ಪೌಡರು ಒತ್ತುತ್ತ, "ಸಾರ್, ಈ ದೀಪಕ್ಕೆ ಎಲ್ಲರ ಮುಖಾನೂ ಬೆವರುತ್ತೆ. ನಿಮ್ಮ ಮೂಗು ಮಾತ್ರ ಬೆವರೋದೇ ಇಲ್ವಲ್ಲ!" ಎಂದನಂತೆ.

"ಒಕ್ಲಹೋಮಾದ ಮೂಗು ಕಣಪ್ಪ," ಎಂದನಂತೆ ಆರ್ವಿಲ್. "ನಾಚಿಕೆ, ಬೆವರು ಎರಡೂ ಇಲ್ಲ."

ಈ ಕತೆಯನ್ನು ಅವನು ಅಂಪಾರೊಳಿಗೆ ಹೇಳಿದ್ದು ದಿನಸಿ ಅಂಗಡಿಯ ಸಾಲಿನಲ್ಲಿ ನಿಂತು. ಆಗ ಮುಂದಿದ್ದ ಹೆಂಗಸೊಬ್ಬಳು ತಿರುಗಿ, "ನೀವು ಟೀವಿ ಜಡ್ಜ್ ಅಲ್ವಾ?" ಎಂದು ಕೇಳಿದಳು. ಅವನು ತಲೆಯಾಡಿಸಿದ. ಆಕೆ ಕೊಟ್ಟ ಬ್ರೆಡ್ಡಿನ ಚೀಲದ ಮೇಲೆ ಎರಡು ಸಲ ಸಹಿ ಹಾಕಿದನೆಂದು ಅಂಪಾರೊ ನನಗೆ ಹೇಳಿದಳು.

ನಮ್ಮ ಷೆಡ್ಡಿನ ಕತೆ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ರಾಕ್ಷಸರನ್ನು ಕಂಪ್ಯೂಟರಿನಲ್ಲಿ ಮಾಡುವ ಕಾಲ ಬಂತು. ವರ್ಷಕ್ಕೆ ಒಂದೆರಡು ಗಾಯ, ಒಂದು ಹೆಣ, ಅಷ್ಟೇ ಕೆಲಸ. ಲೈಲ್ ಜಾಗವನ್ನು ಗುಜರಿಯವರಿಗೆ ಮಾರಿದ. ಅಟ್ಟದ ಪ್ಲಾಸ್ಟರು ಮುಖಗಳನ್ನು ಬೇಕಾದವರು ಒಯ್ದರು, ಉಳಿದವು ಕಸದ ಲಾರಿಗೆ ಹೋದವು. ನಾನು ಬೇಕರಿಯೊಂದರಲ್ಲಿ ಒಲೆಯ ಕೆಲಸಕ್ಕೆ ಸೇರಿದೆ. ಕೇಕು ರಬ್ಬರಿಗಿಂತ ಸುಲಭ. ಅಂಪಾರೊ ನೆಲಮಾಳಿಗೆಗೇ ಪೂರ್ತಿ ಹೋದಳು. ಎಲಾದಿಯಾ ಆಗ ಹಾಸಿಗೆ ಹಿಡಿದಿದ್ದರು. ಸುದ್ದಿ ಕೇಳಿ, "ಕೊನೆಗೂ ದೆವ್ವಗಳ ಸಹವಾಸ ಬಿಟ್ಯಲ್ಲ," ಎಂದರಂತೆ. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು.

ಆರ್ವಿಲ್ ಇನ್ನೂ ಎಂಟೊಂಬತ್ತು ವರ್ಷ ಬಾಳಿದ. ಹೋದದ್ದು ಹೃದಯದ ಕಾಯಿಲೆಯಿಂದ, ಮೂಗಿನದಲ್ಲ. ಡಾಟಿ ಫೋನ್ ಮಾಡಿ, ಯಾವ ಮೂಗು ಹಾಕಲಿ ಎಂದು ಕೇಳಿದಾಗ ಅಂಪಾರೊ, "ನಿಮ್ಮಿಷ್ಟ ಡಾಟಿ," ಎಂದಷ್ಟೇ ಹೇಳಿದಳು. ಪೆಟ್ಟಿಗೆಯಲ್ಲಿ ಮೂಗು ಎಡಕ್ಕೆ ವಾಲಿತ್ತು. ಧಾರಾವಾಹಿಯ ಅಭಿಮಾನಿಗಳು ಪುರೋಹಿತನ ವೇಷದಲ್ಲೇ ಕೆಲವರು ಬಂದಿದ್ದರು. ಅವರ ಮುಖದ ರಬ್ಬರಿನ ಅಂಚು ಎದ್ದು ಕಾಣುತ್ತಿತ್ತು.

ಅರಾಕ್ಸಿ ನಿವೃತ್ತರಾದ ಮೇಲೆ ಆ ಕೋಣೆ ಅವಳದಾಯಿತು. ಹೋದ ವಸಂತದಲ್ಲಿ ಬೇಕರಿಯ ಕೇಕು ಕಟ್ಟಿಸಿಕೊಂಡು ನಾನು ಅವಳನ್ನು ನೋಡಲು ಹೋಗಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಒಂದು ಕಿವಿಗೆ ಬಣ್ಣ ಹಚ್ಚುತ್ತಿದ್ದಳು. ಇಬ್ಬರೂ ಕೇಕು ತಿಂದೆವು.

"ರಾಕ್ಷಸರ ನೆನಪಾಗಲ್ವಾ?" ಎಂದು ಕೇಳಿದೆ.

"ಆಗುತ್ತೆ. ಅವು ಯಾವತ್ತೂ ದೂರು ಹೇಳ್ತಿರಲಿಲ್ಲ," ಎಂದಳು. "ಇವರು ನೋಡು, 'ಬೇಸಿಗೇಲಿ ಬಿಸಿಲಿಗೆ ನಾನು ಕಂದುಬಣ್ಣ ಆಗ್ತೀನಿ, ಕಿವಿ ಮಾತ್ರ ಬೆಳ್ಳಗೇ ಇರುತ್ತೆ' ಅಂತ ಬರ್ತಾರೆ. ಒಬ್ಬೊಬ್ಬರಿಗೆ ಎರಡೆರಡು ಮಾಡ್ಬೇಕು, ಬೇಸಿಗೆಗೊಂದು, ಚಳಿಗೊಂದು."

ಬಾಗಿಲು ತಟ್ಟಿದ ಸದ್ದಾಯಿತು. ಲಾರಿ ಓಡಿಸುವ ಹೆಂಗಸೊಬ್ಬಳು ಒಳಗೆ ಬಂದಳು. ತಲೆಗೆ ರುಮಾಲು ಕಟ್ಟಿ ಒಂದು ಕಡೆ ಮುಚ್ಚಿಕೊಂಡಿದ್ದಳು. ಅಪಘಾತದಲ್ಲಿ ಕಿವಿ ಹೋಗಿತ್ತಂತೆ. ಮೇಜಿನ ಮೇಲಿದ್ದ ಹೊಸ ಕಿವಿಯನ್ನು ದೂರದಿಂದಲೇ ನೋಡಿ, ಸಂಕೋಚದಿಂದ ಕೇಳಿದಳು: "ಮೇಡಂ, ಇದಕ್ಕೆ ತೂತು ಹಾಕಿಸ್ಬಹುದಾ? ಓಲೆ ಹಾಕ್ಕೋಬೇಕು."

"ಎಷ್ಟು ತೂಕದ್ದು? ತಂದಿದ್ದೀರಾ?" ಎಂದು ಅಂಪಾರೊ ಕೈ ಚಾಚಿದಳು. "ತೋರ್ಸಿ."

ನಾನು ಕೇಕಿನ ಡಬ್ಬಿ ಮುಚ್ಚಿ, ಕುರ್ಚಿ ಬಿಟ್ಟುಕೊಟ್ಟು ಎದ್ದೆ.